ಮಳೆ ‘ಹಿಮಕ್ಕೆ ತಿರುಗಿತು’ ಅನ್ನಬಹುದಾ? ಸ್ಲೀಟ್‌ಗೆ ಏನನ್ನಬೇಕು?

ಗೆಳೆಯರೇ, ಒಂದಲ್ಲ, ಮೂರ್ನಾಲ್ಕು ಪದಗಳ ತೊಡಕಿದೆ. ಬಲ್ಲವರು ಬಿಡಿಸಿ.

ತಮ್ಮನ ಸಂಸಾರ ನ್ಯೂಜೆರ್ಸಿಯಲ್ಲಿದೆ, ಅವ್ವ ಸಿರುಗುಪ್ಪದಲ್ಲಿ. ಅಲ್ಲಿ ಚಳಿಗಾಲದ ದೊಡ್ಡ ಬಿರುಗಾಳಿ ಬರುತ್ತದೆ ಅಂತ ಟೀವಿಯಲ್ಲಿ ಹೇಳಿದರೆ ಸಾಕು, ಬಳ್ಳಾರಿಯಲ್ಲಿರುವ ನನಗೆ ಅವ್ವನ ಫೋನು. ನಾನು ಮೊಬೈಲಿನಲ್ಲಿ ರೇಡಾರ್ ನಕ್ಷೆ ತೆಗೆದು ಹೇಳಬೇಕು. ನಾನು ನೋಡುವ ನಕ್ಷೆಯಲ್ಲಿ ಮಳೆಗೆ ಹಸಿರು, ಹಿಮಕ್ಕೆ ನೀಲಿ, ಎರಡರ ನಡುವೆ ಒಂದು ಗುಲಾಬಿ ಪಟ್ಟಿ. ಅಲ್ಲಿ ಮಧ್ಯಾಹ್ನ ಮೂರು ಅಂದರೆ ನಮಗೆ ರಾತ್ರಿ ಒಂದೂವರೆ, ಆಗಲೂ ಅವ್ವನಿಗೆ ನಿದ್ದೆ ಇಲ್ಲ. "ಈಗೇನು ಬೀಳ್ತೈತಪ್ಪಾ ಅಲ್ಲಿ?" ಹಸಿರು, ನೀಲಿ ಇದ್ದರೆ ಸುಲಭ. ಗುಲಾಬಿ ಬಂದಾಗ ನನ್ನ ಹತ್ತಿರ ಪದವೇ ಇಲ್ಲ.

ಮೊದಲು ಕ್ರಿಯಾಪದದ ವಿಷಯ. ‘ಮಳೆಯು ಹಿಮವಾಗಿ ಪರಿವರ್ತನೆಗೊಂಡಿತು’ ಅನ್ನುವುದು ಓದುವಾಗಲೇ ಬಾಯಿ ಕಟ್ಟುತ್ತದೆ, ಇನ್ನು ಫೋನಿನಲ್ಲಿ ಯಾರು ಹೇಳುತ್ತಾರೆ! ನೆಗಡಿ ಜ್ವರಕ್ಕೆ ತಿರುಗುತ್ತದೆ, ಮಾತು ಜಗಳಕ್ಕೆ ತಿರುಗುತ್ತದೆ, ಹಾಗೇ ‘ಮಳೆ ಹಿಮಕ್ಕೆ ತಿರುಗಿತು’ ಅಂದರೆ ಸರಿ ಅನ್ನಿಸುತ್ತದೆ. ಆದರೆ ಇಲ್ಲೊಂದು ಸಣ್ಣ ತಕರಾರಿದೆ. ಆ ಚಳಿ ದೇಶದ ಚಳಿಗಾಲದ ಮಳೆ ಹೆಚ್ಚಾಗಿ ಮೇಲಿಂದ ಹೊರಡುವಾಗಲೇ ಹಿಮ. ಕೆಳಗೆ ಬರುವ ದಾರಿಯಲ್ಲಿ ಸೊನ್ನೆ ಡಿಗ್ರಿಗಿಂತ ಬೆಚ್ಚಗಿನ ಗಾಳಿಯ ಪದರ ಸಿಕ್ಕರೆ ಕರಗಿ ಮಳೆಯಾಗುತ್ತದೆ, ಸಿಗದಿದ್ದರೆ ಹಿಮವಾಗಿಯೇ ನೆಲ ಮುಟ್ಟುತ್ತದೆ. ಅಂದರೆ ಮಳೆ ಹಿಮ ಆಗಿದ್ದಲ್ಲ, ಹಿಮ ಕರಗುವುದು ನಿಂತಿದ್ದು. ಇಂಥ ಬಿರುಗಾಳಿಯ ಶುರುವಿನಲ್ಲಿ ಅಟ್ಲಾಂಟಿಕ್ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿರುತ್ತದೆ, ಚಳಿಗಾಲದಲ್ಲೂ ಆ ನೀರು ನೆಲಕ್ಕಿಂತ ಬೆಚ್ಚಗೆ, ಹಾಗಾಗಿ ಕರಾವಳಿ ಊರುಗಳಲ್ಲಿ ಮಳೆ. ವಾಯುಭಾರ ಕುಸಿತ ಮುಂದಕ್ಕೆ ಸರಿದ ಮೇಲೆ ಗಾಳಿ ಹೊರಳಿ ಉತ್ತರದ ಕಡೆಯಿಂದ ಬೀಸುತ್ತದೆ, ಥಂಡಿ ಇಳಿಯುತ್ತದೆ, ನೀಲಿ ಬಣ್ಣ ಕರಾವಳಿ ಕಡೆ ಜಾರುತ್ತಾ ಬರುತ್ತದೆ. ಜೋರು ಮಳೆ ಇದ್ದರೆ ಇನ್ನೊಂದು ತಮಾಷೆ: ಕರಗುವ ಹಿಮವೇ ಸುತ್ತಲಿನ ಗಾಳಿಯ ಕಾವು ಹೀರಿ ಅದನ್ನು ತಣ್ಣಗೆ ಮಾಡಿ, ತನ್ನ ಹಿಂದೆ ಬರುವ ಹಿಮಕ್ಕೆ ದಾರಿ ಬಿಡುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ‘ತಿರುಗಿತು’ ಅನ್ನಬಹುದಾ ಅನ್ನುವುದು ನನ್ನ ಪ್ರಶ್ನೆ. ಅನ್ನಬಹುದು ಅಂತಲೇ ನನ್ನ ಮತ. ನೆಲದ ಮೇಲೆ ನಿಂತವರ ಕಣ್ಣಿಗೆ ಕಂಡದ್ದನ್ನೇ ಭಾಷೆ ಹೇಳುವುದು, ಸೂರ್ಯ ‘ಮುಳುಗಿದ’ ಅನ್ನಲ್ವಾ?

ಇನ್ನು ಗುಲಾಬಿ ಪಟ್ಟಿ. ಇದರೊಳಗೆ ಎರಡು ಮೂರು ಬೇರೆ ಬೇರೆ ವಸ್ತುಗಳಿವೆ. ಕರಗಿದ ಹನಿ ನೆಲದ ಹತ್ತಿರದ ದಪ್ಪ ಥಂಡಿ ಪದರದಲ್ಲಿ ಮತ್ತೆ ಗಟ್ಟಿಯಾದರೆ ಅದು ಅಮೆರಿಕದವರ ಸ್ಲೀಟ್. ಬ್ರಿಟನ್ನಿನವರು ಅದೇ ಪದವನ್ನು ಮಳೆ, ಹಿಮ ಎರಡೂ ಕಲೆತು ಬೀಳುವುದಕ್ಕೆ ಹೇಳುತ್ತಾರೆ. ಹಾಗಾಗಿ ನಿಘಂಟು ನೋಡಿ ಅನುವಾದ ಮಾಡುವವರು ಯಾವ ದೇಶದ ಸುದ್ದಿ ಅಂತ ಮೊದಲು ನೋಡಬೇಕು. ತಮ್ಮ ವಿಡಿಯೋ ಕಳಿಸಿದ್ದ: ಕಾರಿನ ಗಾಜಿನ ಮೇಲೆ ಟಪಟಪ ಸದ್ದು, ಬಿದ್ದಿದ್ದು ಪುಟಿದು ವೈಪರ್ ಸಂದಿಯಲ್ಲಿ ಗುಡ್ಡೆಯಾಗುತ್ತಿದೆ, ಅರ್ಧ ಪಾರದರ್ಶಕ, ಥೇಟ್ ನೆನೆಸಿದ ಸಾಬೂದಾನಿ. ಅವ್ವ ನೋಡಿ "ಆಣೆಕಲ್ಲಲ್ಲೇನು?" ಅಂದಳು. ಅಲ್ಲ. ಆಣೆಕಲ್ಲು ನಮಗೆ ಚೆನ್ನಾಗಿ ಗೊತ್ತು, ಏಪ್ರಿಲ್ ಮೇ ತಿಂಗಳಲ್ಲಿ ಗುಡುಗು ಸಮೇತ ಬಂದು ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆ ಕೊಯ್ಲಿಗೆ ಬಂದ ಭತ್ತ ಉದುರಿಸಿ ಹೋಗುತ್ತದಲ್ಲ, ಅದು. ಗುಡುಗಿನ ಮೋಡದೊಳಗೆ ಮೇಲೇರುವ ಗಾಳಿಗೆ ಸಿಕ್ಕಿ ಪದರ ಪದರವಾಗಿ ಬೆಳೆಯುವ ಕಲ್ಲು. ಸ್ಲೀಟ್‌ಗೆ ಗುಡುಗೂ ಬೇಕಿಲ್ಲ, ಬಿಸಿಲೂ ಬೇಕಿಲ್ಲ. ಇದಕ್ಕೆ ‘ಹರಳುಮಳೆ’ ಅಂದರೆ ಹೇಗೆ? ಮೈಸೂರು ಕಡೆಯವರಿಗೆ ಹರಳೆಣ್ಣೆ ನೆನಪಾಗಬಹುದು, ನಮ್ಮ ಕಡೆ ಅದು ಔಡಲೆಣ್ಣೆ, ಹಾಗಾಗಿ ನಮಗೆ ತೊಂದರೆ ಇಲ್ಲ.

ಥಂಡಿ ಪದರ ತೆಳ್ಳಗಿದ್ದರೆ ಹನಿ ನೀರಾಗಿಯೇ ಬಂದು, ತಂತಿ, ಟೊಂಗೆ, ರಸ್ತೆ, ಯಾವುದನ್ನು ಮುಟ್ಟಿದರೂ ಅಲ್ಲೇ ಗಟ್ಟಿಯಾಗುತ್ತದೆ. ಫ್ರೀಜಿಂಗ್ ರೇನ್. ಇವುಗಳಲ್ಲಿ ಜಾಸ್ತಿ ಅಪಾಯದ್ದು ಇದೇ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಕಡೆ ದಿನಗಟ್ಟಲೆ ಹೀಗೇ ಸುರಿದು, ಗಡ್ಡೆ ಕಟ್ಟಿದ ಭಾರಕ್ಕೆ ಕರೆಂಟಿನ ದೊಡ್ಡ ದೊಡ್ಡ ಟವರುಗಳೇ ಮಡಚಿ ಬಿದ್ದಿದ್ದವು, ಲಕ್ಷಾಂತರ ಮನೆಗಳು ಕತ್ತಲಲ್ಲಿದ್ದವು. ‘ಘನೀಕೃತ ಮಳೆ’ ಅಂತ ಬರೆದರೆ ಅರ್ಥವೇ ತಪ್ಪುತ್ತದೆ, ಬೀಳುವಾಗ ಅದು ಘನ ಅಲ್ಲವಲ್ಲ. ತುಪ್ಪ ಗಟ್ಟಿಯಾದರೆ ಹೆರೆತುಪ್ಪ ಅಂತಾರೆ. ಆ ‘ಹೆರೆ’ ಹಿಡಿದು ‘ಹೆರೆಮಳೆ’ ಮಾಡಬಹುದಾ? ಕಾಯಿ ಹೆರೆಯುವುದರ ಜೊತೆ ಗೊಂದಲ ಆಗಬಹುದು ಅನ್ನುವುದೊಂದೇ ಅನುಮಾನ.

ಚಳಿಗಾಲದ ಈ ಬಿರುಗಾಳಿಗೆ ‘ಹಿಮ ಚಂಡಮಾರುತ’ ಅನ್ನುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ. ನಮಗೆ ಚಂಡಮಾರುತ ಅಂದರೆ ಬಂಗಾಳ ಕೊಲ್ಲಿಯದು, ನವೆಂಬರ್‌ನಲ್ಲಿ ಒಣಹಾಕಿದ ಮೆಣಸಿನಕಾಯಿ ನೆನೆಸುವಂಥದ್ದು. ಅದು ಬೆಚ್ಚಗಿನ ಸಮುದ್ರದಿಂದ ಬಲ ತೆಗೆದುಕೊಳ್ಳುತ್ತದೆ. ಇದು ಮುಖ್ಯವಾಗಿ ಥಂಡಿ ಗಾಳಿ, ಬೆಚ್ಚಗಿನ ಗಾಳಿ ಎದುರುಬದುರಾದಾಗ ಹುಟ್ಟುವುದು. ಬ್ಲಿಝರ್ಡ್‌ಗಂತೂ ಅಮೆರಿಕದ ಹವಾಮಾನದವರ ಲೆಕ್ಕವೇ ಬೇರೆ: ಗಂಟೆಗೆ ಸುಮಾರು 56 ಕಿ.ಮೀ. ಗಾಳಿ, 400 ಮೀಟರಿನಾಚೆ ಏನೂ ಕಾಣಬಾರದು, ಇದು 3 ಗಂಟೆ ನಡೆಯಬೇಕು. ಅದಕ್ಕೆ ‘ಹಿಮಗಾಳಿ’ ಸಾಲದೇ?

‘ಹಿಮ’ದ ಬದಲು ‘ಮಂಜು’ ಬಳಸಿ ಅಂತ ಒಬ್ಬರು ಹೇಳಿದರು. ಮಡಿಕೇರಿಯಲ್ಲೂ ಮಂಜು, ಡಿಸೆಂಬರ್ ಬೆಳಿಗ್ಗೆ ಬಸ್ಸಿಗೆ ದಾರಿ ಕಾಣದಂತೆ ಮಾಡುವುದೂ ಮಂಜು, ಫ್ರಿಜ್ಜಿನದು ಮಂಜುಗಡ್ಡೆ. ತೆಲುಗಿನ ‘ಮಂಚು’ ಕಥೆಯೂ ಇದೇ. ಅವ್ವನಿಗೆ "ಮಂಜು ಬೀಳ್ತೈತಿ" ಅಂದರೆ "ಸ್ವೆಟರ್ ಹಾಕ್ಕೊಂಡ್ರೆ ಆತು ಬಿಡು" ಅಂತ ಮಲಗಿಬಿಡುತ್ತಾಳೆ. ಆದರೆ ಒಂದು ಸೆಂಟಿಮೀಟರ್ ನೀರು ಹಿಮವಾಗಿ ಬಿದ್ದರೆ ಸುಮಾರು ಹತ್ತು ಸೆಂಟಿಮೀಟರ್ ಎತ್ತರ ಕೂಡುತ್ತದೆ, ಹಸಿ ಹಿಮ ಆದರೆ ಸ್ವಲ್ಪ ಕಡಿಮೆ. ತಿರುಗುವುದು ಎರಡು ಗಂಟೆ ಮುಂಚೆಯೋ ತಡವೋ ಅನ್ನುವುದರ ಮೇಲೆ ತಮ್ಮ ತನ್ನ ಬಾಗಿಲ ಮುಂದೆ ಸಲಿಕೆ ಹಿಡಿಯಬೇಕೋ ಬೇಡವೋ ಅನ್ನುವುದು ನಿಂತಿದೆ.

ಸದ್ಯಕ್ಕೆ ಕೇಳಬೇಕಾದ್ದು ಇಷ್ಟು. ಹರಳುಮಳೆ, ಹೆರೆಮಳೆ ಯಾರಾದರೂ ಈಗಾಗಲೇ ಬೇರೆ ಅರ್ಥದಲ್ಲಿ ಬಳಸಿದ್ದಾರಾ? ಹಿಮ ಬೀಳುತ್ತದೆ, ಸುರಿಯುತ್ತದೆ, ಉದುರುತ್ತದೆ, ಇದರಲ್ಲಿ ನಿಮ್ಮ ಬಾಯಿಗೆ ತಾನಾಗಿ ಬರುವುದು ಯಾವುದು? ಲೇಹ್, ಕಾಶ್ಮೀರದಲ್ಲಿ ಸೇನೆಯಲ್ಲಿದ್ದು ಬಂದವರು ಕುಷ್ಟಗಿ, ಲಿಂಗಸುಗೂರು ಕಡೆ ಯಾರಾದರೂ ನಿಮಗೆ ಗೊತ್ತಿದ್ದರೆ, ಅವರು ಮನೆಯಲ್ಲಿ ಮಾತಾಡುವಾಗ ಇದಕ್ಕೆಲ್ಲ ಏನಂತಾರೆ, ಸುಮ್ನೆ ‘ಬರ್ಫ’ ಅಂತ ಮುಗಿಸಿಬಿಡುತ್ತಾರಾ, ಕೇಳಿ ತಿಳಿಸಿ.