ಮನೆಗೆ ವಿನೈಲ್ ಕಟಿಂಗ್ ಮಷೀನ್: ಕನ್ನಡ ಅಕ್ಷರಕ್ಕೆ ಯಾವುದು ಸರಿ?

ಪ್ರಶ್ನೆ | ಹೆಸರುಫಲಕ

ಹವ್ಯಾಸಕ್ಕೆ ಒಂದು ವಿನೈಲ್ ಕಟರ್ ತೊಗೋಬೇಕು. ಬಾಗಿಲಿಗೆ ಅಂಟಿಸೋ ಕನ್ನಡ ಹೆಸರು, ಅಡುಗೆಮನೆ ಡಬ್ಬಿಗಳಿಗೆ ಉದ್ದಿನಬೇಳೆ, ಕಡ್ಲೆಬೇಳೆ ಅಂತ ಲೇಬಲ್, ರಾಜ್ಯೋತ್ಸವಕ್ಕೆ ನಾಲ್ಕಾರು ಟೀ ಶರ್ಟ್, ಆಮೇಲೆ ರಂಗೋಲಿ ಸ್ಟೆನ್ಸಿಲ್. ಇಷ್ಟೇ ಕೆಲಸ. ಕ್ರಿಕಟ್, ಸಿಲುವೆಟ್ ಕ್ಯಾಮಿಯೊ, 28 ಇಂಚಿನ ಚೀನಾ ಪ್ಲಾಟರ್ ಮೂರೂ ಕಣ್ಣಿಗೆ ಬಿದ್ದಿವೆ. ಒಂದರಲ್ಲಿ 4 ಕೆಜಿ ಫೋರ್ಸ್, ಇನ್ನೊಂದರಲ್ಲಿ 5 ಕೆಜಿ ಅಂತಾರೆ. ಅದನ್ನೇ ನೋಡಿ ಆರಿಸಬೇಕಾ?

ಉತ್ತರ | ಅಂಟುಕಾಗದ

ಬೇಡ. ಮಾಮೂಲಿ ಸ್ಟಿಕ್ಕರ್ ವಿನೈಲ್ 60ರಿಂದ 80 ಮೈಕ್ರಾನ್ ದಪ್ಪ ಇರುತ್ತೆ, ಅಷ್ಟೇ. ಬ್ಲೇಡ್ ಹೊಸದಾಗಿದ್ರೆ 100 ಗ್ರಾಂ ಆಸುಪಾಸಿನ ಒತ್ತಡ ಸಾಕು. ಕ್ರಿಕಟ್ ಮೇಕರ್‌ನ 4 ಕೆಜಿ, ಕ್ಯಾಮಿಯೊದ 5 ಕೆಜಿ ಎಲ್ಲಾ ಚರ್ಮ, ಬಾಲ್ಸಾ ಮರ, ದಪ್ಪ ರಟ್ಟಿಗೆ ಬೇಕಾಗೋದು. ನಿಮ್ಮ ಪಟ್ಟಿಯಲ್ಲಿ ಅಂಥದ್ದು ಒಂದೂ ಇಲ್ಲ.

ನೋಡಬೇಕಾದ ಮೊದಲ ವಿಷಯ ರೋಲ್ ಅಗಲ. ನಮ್ಮ ರೇಡಿಯಂ ಕಟಿಂಗ್ ಅಂಗಡಿಯವರು ತರೋ ಕಡೆ ವಿನೈಲ್ ಹೆಚ್ಚಾಗಿ 24 ಇಂಚಿನ ರೋಲ್‌ನಲ್ಲಿ, ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ನಡುವೆ ಸೀಳಿಸಿದ್ರೆ ಸರಿಯಾಗಿ ಎರಡು 12 ಇಂಚಿನ ಪಟ್ಟಿ. ಕ್ಯಾಮಿಯೊಗೆ ಆ 12 ಇಂಚಿನ ಪಟ್ಟಿಯನ್ನ ಮ್ಯಾಟ್ (ವಿನೈಲ್ ಹಿಡಿದಿಡೋ ಅಂಟು ಹಾಳೆ) ಇಲ್ಲದೆ ನೇರ ಕೊಡಬಹುದು, ಬಲಗಡೆ ರೋಲರ್ ಸರಿಸಿ ಅಂಚು ಕಚ್ಚಿಸಿದ್ರಾಯ್ತು. ಕ್ರಿಕಟ್‌ನ ಎಕ್ಸ್‌ಪ್ಲೋರ್ 3, ಮೇಕರ್ 3 ಮ್ಯಾಟ್ ಇಲ್ಲದೆ ಓಡಬೇಕಂದ್ರೆ ಅವರ ಸ್ಮಾರ್ಟ್ ವಿನೈಲ್‌ನಂಥ 13 ಇಂಚಿನ ವಿನೈಲ್ ಬೇಕು. 12 ಇಂಚಿನದ್ದನ್ನ ಮ್ಯಾಟ್ ಮೇಲೆ ಅಂಟಿಸಿಯೇ ಕತ್ತರಿಸಬೇಕು, ಆಗ ಒಂದು ಸಲಕ್ಕೆ ಮ್ಯಾಟ್‌ನಷ್ಟೇ ಉದ್ದ. ಖರ್ಚಿನ ವ್ಯತ್ಯಾಸ ಕಾಣೋದು ಮಷೀನ್ ಬೆಲೆಯಲ್ಲಲ್ಲ, ಮುಂದೆ ಕೊಳ್ಳೋ ವಿನೈಲ್‌ನಲ್ಲಿ.

ಎರಡನೇದು ಸಾಫ್ಟ್‌ವೇರ್. ಕ್ರಿಕಟ್ ಅವರ ಡಿಸೈನ್ ಸ್ಪೇಸ್‌ಗೆ ಕಟ್ಟಿಹಾಕಿದ ಮಷೀನು. ಖಾತೆ ಬೇಕೇ ಬೇಕು, ಹೆಚ್ಚಿನ ಕೆಲಸಕ್ಕೆ ಇಂಟರ್ನೆಟ್ಟೂ ಬೇಕು. 2021ರ ಮಾರ್ಚ್‌ನಲ್ಲಿ ಚಂದಾ ಕಟ್ಟದವರಿಗೆ ತಿಂಗಳಿಗೆ 20 ಅಪ್‌ಲೋಡ್ ಅಂತ ಮಿತಿ ಹಾಕ್ತೀವಿ ಅಂದ್ರು, ಬಳಕೆದಾರರು ಸಿಡಿದೆದ್ದ ಮೇಲೆ ಕೈಬಿಟ್ಟರು. ದುಡ್ಡು ಕೊಟ್ಟು ತಂದ ಮಷೀನಿನ ಲಗಾಮು ಬೇರೆಯವರ ಕೈಲಿರೋದು ನನಗೆ ಒಪ್ಪಿಗೆ ಇಲ್ಲ. ಸಿಲುವೆಟ್ ಸ್ಟುಡಿಯೊ ಬೇಸಿಕ್ ಉಚಿತ, ನೆಟ್ ಇಲ್ಲದೆಯೂ ಓಡುತ್ತೆ. ಆದರೆ ಬೇಸಿಕ್‌ನಲ್ಲಿ ಎಸ್‌ವಿಜಿ (ಗೆರೆಚಿತ್ರದ ಒಂದು ಫೈಲ್ ಬಗೆ) ತೆರೆಯಲ್ಲ, ಅದಕ್ಕೆ ಡಿಸೈನರ್ ಎಡಿಷನ್ ಕೊಳ್ಳಬೇಕು. ಅಂಥದ್ದೇ ಇನ್ನೊಂದು ಬಗೆಯ ಡಿಎಕ್ಸ್‌ಎಫ್ ತೆರೆಯುತ್ತೆ, ಪಿಎನ್‌ಜಿ ಚಿತ್ರದ ಅಂಚು ಟ್ರೇಸ್ ಆಗುತ್ತೆ.

ನಿಮ್ಮ ಕೆಲಸಕ್ಕೆ 12 ಇಂಚಿನ ಕ್ಯಾಮಿಯೊ ಅಂತೀನಿ. ಜಾಗ ಇಕ್ಕಟ್ಟಾದ್ರೆ ಅದೇ ಮನೆತನದ ಚಿಕ್ಕ ಮಷೀನ್ ಪೋರ್ಟ್ರೇಟ್.

ಉತ್ತರ | ಒತ್ತಕ್ಷರ

ಯಾವ ಮಷೀನ್ ತಂದ್ರೂ ಕನ್ನಡವನ್ನ ಅದರ ಸಾಫ್ಟ್‌ವೇರ್ ಒಳಗೆ ನೇರ ಟೈಪ್ ಮಾಡೋಕೆ ಹೋಗಬೇಡಿ. ಅಕ್ಷರ ಜೋಡಿಸೋ ಕೆಲಸ ಅಲ್ಲಿ ಕೈಕೊಡೋದುಂಟು. "ಕರ್ನಾಟಕ" ಹೋಗಿ "ಕರ್‌ನಾಟಕ" ಆಗುತ್ತೆ, "ಲಕ್ಷ್ಮಿ" ಹೋಗಿ "ಲಕ್‌ಷ್‌ಮಿ". ಟೀ ಶರ್ಟ್ ಮೇಲೆ ಅಂಟಿಸಿದ ಮೇಲೆ ಕಣ್ಣಿಗೆ ಬಿದ್ದರೆ ಏನೂ ಮಾಡೋಕಾಗಲ್ಲ.

ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್ ಉಚಿತ, ಕನ್ನಡವನ್ನ ಸರಿಯಾಗಿ ಜೋಡಿಸುತ್ತೆ. ಅಲ್ಲಿ ಯೂನಿಕೋಡ್ ಫಾಂಟ್‌ನಲ್ಲಿ ಟೈಪ್ ಮಾಡಿ. ಬಲೂ ತಮ್ಮ 2 ಅನ್ನೋ ಫಾಂಟ್ ದಪ್ಪಗೆ ದುಂಡಗಿದೆ, ಕತ್ತರಿಸೋಕೆ ಹೇಳಿ ಮಾಡಿಸಿದ ಹಾಗಿದೆ. ಆಮೇಲೆ ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್, ಅನ್‌ಗ್ರೂಪ್, ಎಲ್ಲಾ ಆರಿಸಿ ಯೂನಿಯನ್ (ತುಂಡುಗಳನ್ನ ಬೆಸೆದು ಒಂದು ಮಾಡೋದು). ಈ ಯೂನಿಯನ್ ಮರೆತರೆ ಕೆಟ್ಟಿರಿ. "ಕೀ" ಅನ್ನೋ ಅಕ್ಷರದಲ್ಲಿ "ಕಿ" ಬೇರೆ ತುಂಡು, ದೀರ್ಘ ಬೇರೆ ತುಂಡು. ಅವು ಒಂದರ ಮೇಲೊಂದು ಹಾಯ್ದಿದ್ರೆ ಮಷೀನ್ ಎರಡರ ಅಂಚನ್ನೂ ಕತ್ತರಿಸುತ್ತೆ, ಅಕ್ಷರದ ಮೈಮೇಲೇ ಗೀರು ಬೀಳುತ್ತೆ. ಪರದೆ ಮೇಲೆ ಗೊತ್ತಾಗಬೇಕಂದ್ರೆ ವ್ಯೂ ಮೆನುವಿನಲ್ಲಿ ಔಟ್‌ಲೈನ್ ಮೋಡ್ ಹಾಕಿ ನೋಡಿ: ಅಕ್ಷರದೊಳಗೆ ಅಡ್ಡಗೆರೆ ಕಂಡರೆ ಯೂನಿಯನ್ ಆಗಿಲ್ಲ.

ಕ್ರಿಕಟ್‌ಗಾದ್ರೆ ಪ್ಲೇನ್ ಎಸ್‌ವಿಜಿ, ಸಿಲುವೆಟ್ ಬೇಸಿಕ್‌ಗಾದ್ರೆ ಡಿಎಕ್ಸ್‌ಎಫ್ ಆರ್14, ಅಳತೆ ಮಿಲಿಮೀಟರ್. ತೆರೆದ ಕೂಡಲೇ ಅಗಲ ಪರೀಕ್ಷಿಸಿ, ಫೈಲ್ ದಾಟುವಾಗ ಗಾತ್ರ ಬದಲಾಗೋದುಂಟು.

ಹೆಸರುಫಲಕ

ತುಂಬಾ ಉಪಕಾರ. ಡಬ್ಬಿ ಲೇಬಲ್ ಎಷ್ಟು ಚಿಕ್ಕದು ಮಾಡಬಹುದು? ಬ್ಲೇಡ್ ಆಳ ಸರಿ ಇದೆ ಅಂತ ಗೊತ್ತಾಗೋದು ಹೇಗೆ?

ಉತ್ತರ | ಅಂಟುಕಾಗದ

ಅಕ್ಷರದ ಎತ್ತರ ಲೆಕ್ಕಕ್ಕೆ ಇಡಬೇಡಿ, ಒತ್ತಿನ ಗೆರೆ ನೋಡಿ. "ಉದ್ದಿನಬೇಳೆ"ಯಲ್ಲಿ ಮೊದಲು ಕಿತ್ತು ಬರೋದು "ದಿ" ಕೆಳಗಿನ ದ ಒತ್ತು. ಆ ಗೆರೆ 1 ಮಿಮೀಗಿಂತ ಸಣ್ಣಗಾದ್ರೆ ಹಿಡಿದುಕೊಳ್ಳೋಕೆ ಅಂಟು ಸಾಲಲ್ಲ. ಬ್ಲೇಡ್ ತಿರುಗೋ ಮೂಲೆಯಲ್ಲೇ ಒತ್ತು ಎದ್ದು, ಅದರ ಜೊತೆ ಸುತ್ತಿಕೊಂಡು ಬ್ಲೇಡ್ ಹೋಲ್ಡರ್ ಒಳಗೆ ಸೇರುತ್ತೆ. ಅಲ್ಲಿಂದ ಮುಂದಿನ ಎಲ್ಲಾ ಅಕ್ಷರ ಹರಕು ಹರಕು. ಹಾಗೆ ಕಂಡರೆ ಫೋರ್ಸ್ ಏರಿಸಬೇಡಿ. ಹೋಲ್ಡರ್ ಬಿಚ್ಚಿ ಆ ಚೂರು ತೆಗೆಯಿರಿ, ವೇಗ ಇಳಿಸಿ, ಫಾಂಟ್ ಬೋಲ್ಡ್ ಮಾಡಿ.

ಆಳಕ್ಕೆ ಟೆಸ್ಟ್ ಕಟ್ ಬಿಟ್ಟರೆ ಬೇರೆ ದಾರಿ ಇಲ್ಲ. ಮೂಲೆಯಲ್ಲೊಂದು 10 ಮಿಮೀ ಚೌಕ ಕತ್ತರಿಸಿ ಸೂಜಿಯಿಂದ ಎತ್ತಿ. ಚೌಕ ಪೂರ್ತಿ ಬಿಟ್ಟು ಬರಬೇಕು. ಕೆಳಗಿನ ಬ್ಯಾಕಿಂಗ್ ಕಾಗದವನ್ನ ಬೆಳಕಿಗೆ ಹಿಡಿದರೆ ತೆಳು ಗೀರು ಕಾಣಬೇಕು, ಬೆರಳಿಗೆ ತಗಲಬಾರದು. ಕಾಗದ ಸೀಳಿದ್ರೆ ಆಳ ಜಾಸ್ತಿ. ಮೂಲೆ ಮಾತ್ರ ಅಂಟಿಕೊಂಡು ನಿಂತರೆ ಬ್ಲೇಡ್ ಮೊಂಡಾಗಿದೆ, ಇಲ್ಲಾ ಓವರ್‌ಕಟ್ (ಮೂಲೆ ದಾಟಿ ಸ್ವಲ್ಪ ಹೆಚ್ಚಿಗೆ ಕತ್ತರಿಸೋ ಸೆಟ್ಟಿಂಗ್) ಹಾಕಿಲ್ಲ. ವಿನೈಲ್ ಬದಲಾದಾಗಲೆಲ್ಲ ಇದನ್ನ ಮಾಡಿ. ಬಣ್ಣ ಬದಲಾದರೂ ಸರಿ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಕಡೆ, ಬ್ಯಾಕಿಂಗ್ ಕಾಗದ ತೇವ ಹೀರಿ ಉಬ್ಬುತ್ತೆ. ನಿನ್ನೆ ಸರಿ ಇದ್ದ ಸೆಟ್ಟಿಂಗ್ ಇವತ್ತು ಕೆಡೋಕೆ ಅದೂ ಒಂದು ಕಾರಣ. ರೋಲ್ ನಿಲ್ಲಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಉತ್ತರ | ರೇಡಿಯಂಕೆಲಸ

ಚೀನಾ ಪ್ಲಾಟರ್ ಬಗ್ಗೆ ಯಾರೂ ಹೇಳಲಿಲ್ಲ. ಅಂಗಡಿಯ 24 ಇಂಚಿನ ರೋಲ್ ಸೀಳದೇ ಹಾಕಬಹುದು, ಬ್ಲೇಡ್ ರೋಲ್ಯಾಂಡ್ ಮಾದರಿಯದು, ಎಲ್ಲಾ ಕಡೆ ಸಿಗುತ್ತೆ. ಗೋಡೆ ತುಂಬ ದೊಡ್ಡ ಅಕ್ಷರ ಮಾಡೋರಿಗೆ ಒಳ್ಳೇದೇ. ಆದರೆ ಯುಎಸ್‌ಬಿ ಡ್ರೈವರ್, ಕಾಮ್ ಪೋರ್ಟ್, ಬಾಡ್ ರೇಟ್ ಅಂತ ಕಂಪ್ಯೂಟರ್ ಜೊತೆಗಿನ ಸಂಪರ್ಕ ಹೊಂದಿಸೋ ತಾಳ್ಮೆ ಬೇಕು. ಕ್ಯಾಮೆರಾ ಕಣ್ಣಿಲ್ಲದ ಮಾದರಿಯಲ್ಲಿ ಪ್ರಿಂಟ್ ಮಾಡಿದ ಸ್ಟಿಕ್ಕರ್‌ನ ಅಂಚನ್ನ ಮಷೀನ್ ತಾನಾಗೇ ಹಿಡಿದು ಕತ್ತರಿಸೋಕಾಗಲ್ಲ. ರೋಲ್ ಸೊಟ್ಟ ಹಾಕಿದ್ರೆ ಮೀಟರ್ ದಾಟೋ ಹೊತ್ತಿಗೆ ಪಕ್ಕಕ್ಕೆ ಹರಿದಿರುತ್ತೆ. ಡಬ್ಬಿ ಲೇಬಲ್‌ಗೆ ಇದು ಬೇಡ.

ಟೀ ಶರ್ಟ್‌ಗೆ ಬಿಸಿಗೆ ಬಟ್ಟೆಗೆ ಅಂಟೋ ಹೀಟ್ ಟ್ರಾನ್ಸ್‌ಫರ್ ವಿನೈಲ್ ಬೇರೆಯೇ ಕೊಳ್ಳಬೇಕು. ಹೊಳೆಯೋ ಪ್ಲಾಸ್ಟಿಕ್ ಹಾಳೆ ಕೆಳಗೆ, ವಿನೈಲ್ ಮೇಲೆ, ಅಕ್ಷರ ಮಿರರ್ ಮಾಡಿ ಕಟ್. ಸಾಮಾನ್ಯವಾಗಿ 150 ಡಿಗ್ರಿ ಆಸುಪಾಸು, 10ರಿಂದ 15 ಸೆಕೆಂಡು, ಪ್ಯಾಕೆಟ್ ಮೇಲಿರೋದೇ ಅಂತಿಮ. ಮನೆ ಇಸ್ತ್ರಿಯಾದ್ರೆ ಸ್ಟೀಮ್ ಆಫ್ ಮಾಡಿ, ಗಟ್ಟಿ ಮೇಜಿನ ಮೇಲೆ ಉಜ್ಜದೆ ಒತ್ತಿ.

ಸ್ಟೆನ್ಸಿಲ್‌ಗೆ ವಿನೈಲ್ ಬೇಡ, 125 ಮೈಕ್ರಾನ್ ಮೈಲಾರ್ (ಪಾಲಿಯೆಸ್ಟರ್ ಪ್ಲಾಸ್ಟಿಕ್) ಹಾಳೆ ಮ್ಯಾಟ್ ಮೇಲಿಟ್ಟು ಎರಡು ಮೂರು ಪಾಸ್ ಓಡಿಸಿ. ಲೇಸರ್ ಇರೋ ಕಡೆ ಕೊಟ್ಟು ವಿನೈಲ್ ಕತ್ತರಿಸೋ ಯೋಚನೆ ಬಂದ್ರೆ ಬಿಟ್ಟುಬಿಡಿ: ಅದು ಪಿವಿಸಿ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತೆ, ಎದೆಗೂ ಕೆಟ್ಟದ್ದು, ಮಷೀನಿಗೂ ತುಕ್ಕು.

ಸ್ಟೆನ್ಸಿಲ್‌ನಲ್ಲಿ ಅಕ್ಷರವೂ ಇದ್ರೆ ಸೇತುವೆ (ಒಳಗಿನ ತುಂಡನ್ನ ಹಿಡಿದಿಡೋ ಪಟ್ಟಿ) ಬಿಡೋದು ನೆನಪಿರಲಿ. "ರ" ಒಳಗಿನ ಬಿಲ್ಲೆ ಹಾಗೇ ಉದುರಿ ಹೋಗುತ್ತೆ. ಅದು ಹೋದ್ರೆ "ಠ"ದ ಒಳಗಿನ ಚುಕ್ಕೆಗೂ ನೆಲೆ ಇಲ್ಲ, ಎರಡೂ ಒಂದೇ ತೂತಾಗುತ್ತವೆ. ಇಂಕ್‌ಸ್ಕೇಪ್‌ನಲ್ಲಿ 2 ಮಿಮೀ ಅಗಲದ ಆಯತ ಅಡ್ಡ ಇಟ್ಟು, ಅಕ್ಷರದ ಜೊತೆ ಆರಿಸಿ, ಡಿಫರೆನ್ಸ್ ಕೊಡಿ. ಆಯತ ಅಕ್ಷರದ ಮೇಲೆ ಇರಬೇಕು, ಕೆಳಗಿದ್ರೆ ಉಲ್ಟಾ ಕಳೆಯುತ್ತೆ.