ಮನಿಗಿ ಬಂದವರಿಗೆ ಕಾಲ್ಮರಿ ಹೊರಗ ಬಿಡ್ರಿ ಅಂತ ಹ್ಯಾಂಗ ಹೇಳಬೇಕು?

ಪ್ರಶ್ನೆ: ಕಲಬುರಗಿಯಾಗ ಮನಿ, ಒಳಗ ಶಹಾಬಾದ್ ಕಲ್ಲಿನ ನೆಲ. ಕೆಲವರು ಬೂಟ್ ಹಾಕ್ಕೊಂಡೇ ಬರ್ತಾರ. ಬ್ಯಾಸರ ಆಗದಂಗ ಹ್ಯಾಂಗ ಹೇಳಬೇಕ್ರಿ?

ಉತ್ತರ 1: "ಬರ್ರಿ, ಕಾಲಿಗಿ ನೀರ ತಗೋರಿ" ಅಂತ ತಂಬಿಗಿ ಕೊಡ್ರಿ, ತಾವೇ ಬಿಚ್ಚತಾರ. ಹೊಸ್ತಿಲ ಹೊರಗ ಚಪ್ಪಲಿ ಸ್ಟ್ಯಾಂಡ್ ಬಾಜು ಒಂದು ಸ್ಟೂಲ್ ಬೇಕೇ ಬೇಕು. ಕುಂತು ಲೇಸ್ ಬಿಚ್ಚಲಿಕ್ಕ ಜಾಗ ಇಲ್ಲಂದ್ರ ಮಂದಿ ಹಂಗೇ ಒಳಗ ಬರ್ತಾರ.

ಉತ್ತರ 2: ಸ್ಟ್ಯಾಂಡ್ ನೆರಳಿನ್ಯಾಗ ಇರಲಿ. ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿಗೆ ಅಂಗಳದ ಹಾಸುಗಲ್ಲು ಅಂಗಾಲು ಸುಡತದ. ಬಾಗಿಲತನಕ ಗೋಣಿತಟ್ಟು ಹಾಸ್ರಿ. ಮಳಿಗಾಲದ ಎರಿಮಣ್ಣಿನ ಕಲಿ ಬಿದ್ದರ ಆಸಿಡ್ ಹಾಕಬ್ಯಾಡ್ರಿ. ಶಹಾಬಾದ್ ಕಲ್ಲು ಅಂದ್ರ ಸುಣ್ಣದಕಲ್ಲು, ಆಸಿಡ್ ಮೇಲ್ಮೈ ತಿಂದು ಹೊಳಪು ಹೋಗತದ.

ಉತ್ತರ 3: ಸಕ್ಕರಿ ಕಾಯಿಲೆ ಇದ್ದವರಿಗೆ ಒತ್ತಾಯ ಬ್ಯಾಡ. ಅವರಿಗೆ ಅಂಗಾಲಿಗೆ ಗಾಯ ಆದ್ರೂ ಒಮ್ಮೊಮ್ಮೆ ಗೊತ್ತಾಗೂದಿಲ್ಲ. ತೊಳದಿಟ್ಟ ಒಂದು ಜೋಡಿ ಒಳಗಿನ ಚಪ್ಪಲಿ ಕೊಡ್ರಿ.