ಕನ್ನಡ ಸ್ಕ್ರೀನ್‌ಪ್ಲೇಗೆ ಯಾವ ಸಾಫ್ಟ್‌ವೇರ್? ಪಾತ್ರದ ಹೆಸರು ಎಡಕ್ಕೆ ಓಡ್ತಿದೆ, ಪಿಡಿಎಫ್ ತುಂಬಾ ಡಬ್ಬಿ

ತೆಂಗಿನಸೀಮೆ:
ಎಲ್ರಿಗೂ ನಮಸ್ಕಾರ. ತಿಪಟೂರು ಕಡೆಯವನು, ಹಗಲು ಕೊಬ್ಬರಿ ಮಂಡಿ ಲೆಕ್ಕ, ರಾತ್ರಿ ಕಥೆ. ಒಂದು ಫೀಚರ್ ಫಿಲ್ಮ್‌ಗೆ ಬರೀತಿದೀನಿ, 62 ಸೀನ್ ಇದೆ, ಮುಕ್ಕಾಲು ಪಾಲು ನೋಟ್‌ಬುಕ್ಕಲ್ಲೇ ಇದೆ, 18 ಸೀನ್ ಮಾತ್ರ ಹಿಂದೆ ಯಾವಾಗ್ಲೋ ವರ್ಡ್‌ನಲ್ಲಿ ನುಡಿ ಫಾಂಟ್ ಹಾಕಿ ಟೈಪ್ ಮಾಡಿದ್ದು. ಈಗ ಒಬ್ರು ಡೈರೆಕ್ಟರ್ ಪಿಡಿಎಫ್ ಕಳ್ಸಿ ನೋಡೋಣ ಅಂದಿದಾರೆ. ಅದಕ್ಕೆ ಸಾಫ್ಟ್‌ವೇರ್ ಹುಡುಕ್ತಾ ಕೂತೆ, ಮೊದ್ಲು ಹಾಕ್ಕೊಂಡ ಫ್ರೀ ಸಾಫ್ಟ್‌ವೇರ್ ಕನ್ನಡ ಅಕ್ಷರ ತಗೊಳ್ಳೋದೇ ಇಲ್ಲ, ಎರಡನೇದು ಫೌಂಟೇನ್ ಅಂತಾರಲ್ಲ ಆ ಥರದ ಎಡಿಟರ್, ಅದ್ರಲ್ಲಿ ಕನ್ನಡ ಟೈಪಾಗತ್ತೆ ಆದ್ರೆ ಪಾತ್ರದ ಹೆಸರು ಮಧ್ಯಕ್ಕೆ ಬರಲ್ಲ, ಮಾತು ಆಕ್ಷನ್ ಎಲ್ಲಾ ಎಡಗಡೆ ಒಂದೇ ಗೋಡೆ ಥರ ನಿಂತಿದೆ, ಪಿಡಿಎಫ್ ಮಾಡಿದ್ರೆ ಬರೀ ಚೌಕ ಚೌಕ ಡಬ್ಬಿ. ಮೂರು ರಾತ್ರಿ ಹೋಯ್ತು.

ಹಳೇ ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 10. ನೆಟ್ ಅಂದ್ರೆ ಮೊಬೈಲ್ ಹಾಟ್‌ಸ್ಪಾಟು, ಕರೆಂಟ್ ಯಾವಾಗ ಹೋಗತ್ತೋ ಗೊತ್ತಿಲ್ಲ, ಹಾಗಾಗಿ ಆನ್‌ಲೈನ್ ನಡೆಯೋದು ಬೇಡ. ದುಡ್ಡು ಜಾಸ್ತಿ ಇಲ್ಲ. ಯಾವುದು ತಗೊಳ್ಲಿ?

ಮಧ್ಯಂತರ:
ಫೈನಲ್ ಡ್ರಾಫ್ಟ್ ತಗೊಳಿ ಗುರು, ಎಲ್ಲಾ ಇಂಡಸ್ಟ್ರಿಯಲ್ಲೂ ಅದೇ.

ಹುಬ್ಬಳ್ಳಿ ಟಾಕೀಸ್:
ಅಲ್ರೀ ಅಂವ ದುಡ್ಡಿಲ್ಲ ಅಂತ ಬರದಾನ, ನೀವು ಹತ್ತು ಸಾವಿರ ದಾಟೂ ಸಾಫ್ಟ್‌ವೇರ್ ಹೇಳಾಕತ್ತೀರಿ. ಇಷ್ಟ್ಯಾಕ ತಲಿ ಕೆಡಿಸ್ಕೊತೀರಿ ಸರ, ವರ್ಡ್‌ನ್ಯಾಗ ಬರೀರಿ, ಕಥಿ ಛಲೋ ಇದ್ರ ಯಾರೂ ಮಾರ್ಜಿನ್ ನೋಡಂಗಿಲ್ಲ.

ಕ್ಲಾಪ್‌ಬೋರ್ಡ್:
ನಾನು ಗಾಂಧಿನಗರದಲ್ಲಿ ಎಂಟು ವರ್ಷದಿಂದ ಅಸಿಸ್ಟೆಂಟ್ ಆಗಿದೀನಿ, ಈ ಹೆಸರು ಎಡಕ್ಕೆ ಓಡೋ ಕಾಟ ನಾನೂ ತಿಂದಿದೀನಿ, ಸಾಫ್ಟ್‌ವೇರ್ ಕೆಟ್ಟಿಲ್ಲ ಬ್ರದರ್. ಫೌಂಟೇನ್ ಅನ್ನೋದು ಸಾಫ್ಟ್‌ವೇರೇ ಅಲ್ಲ, ಬರೆಯೋ ಒಂದು ಪದ್ಧತಿ, ಸಾದಾ ಟೆಕ್ಸ್ಟ್ ಫೈಲು. 2012ರಲ್ಲಿ ಹಾಲಿವುಡ್‌ನ ಜಾನ್ ಆಗಸ್ಟ್, ಸ್ಟು ಮ್ಯಾಶ್‌ವಿಟ್ಜ್ ಮತ್ತೆ ಕೆಲವರು ಸೇರಿ ಮಾಡಿದ್ದು. ಒಂದು ಸಾಲು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿದ್ರೆ ಅದು ಪಾತ್ರದ ಹೆಸರು ಅಂತ ಅದು ತಿಳ್ಕೊಳತ್ತೆ. ನಮ್ಮ ಭಾಷೇಲಿ ಕ್ಯಾಪಿಟಲ್ ಎಲ್ಲಿದೆ ಹೇಳಿ! ಹಾಗಾಗಿ ನಿಮ್ಮ ಹೀರೋ ಹೀರೋಯಿನ್ ಎಲ್ರೂ ಅದರ ಕಣ್ಣಿಗೆ ಆಕ್ಷನ್ನೇ.

ದಾರಿ ಇದೆ. ಹೆಸರಿನ ಹಿಂದೆ @ ಹಾಕಿ. ಸೀನ್ ಹೆಡ್ಡಿಂಗ್ ಹಿಂದೆ ಒಂದು ಚುಕ್ಕೆ. ಕಟ್ ಟು ಥರದ್ದಕ್ಕೆ > ಗುರುತು. ಹೀಗೆ:

.ಒಳಗೆ. ಗಿರಿಜಾ ಮನೆ ಅಡುಗೆಕೋಣೆ - ರಾತ್ರಿ

ಒಲೆ ಮೇಲೆ ಹಾಲು ಉಕ್ಕೋಕೆ ಬಂದಿದೆ. ಯಾರೂ ನೋಡ್ತಿಲ್ಲ.

@ಗಿರಿಜಾ
(ಮೆಲ್ಲಗೆ)
ಅಪ್ಪ ಮಲಗಿದ್ರಾ?

> ಕಟ್ ಟು:

ಹೆಸರಿನ ಮೇಲೆ ಒಂದು ಖಾಲಿ ಸಾಲು ಇರ್ಲೇಬೇಕು, ಹೆಸರಿಗೂ ಮಾತಿಗೂ ಮಧ್ಯೆ ಖಾಲಿ ಸಾಲು ಇರ್ಲೇಬಾರದು. ಇಷ್ಟೇ. ಆಮೇಲೆ ಫೈಂಡ್ ರಿಪ್ಲೇಸ್ ಅಂತ ಕಣ್ಮುಚ್ಚಿ ಒತ್ಬೇಡಿ, ಮಾತಿನೊಳಗೆ ಬರೋ ಗಿರಿಜಾಗೂ @ ಅಂಟ್ಕೊಳತ್ತೆ. ನಾನು ಒಂದ್ಸಲ ಮಾಡ್ಕೊಂಡು ಪ್ರಿಂಟ್ ಕೊಟ್ಟು ಸೆಟ್‌ನಲ್ಲಿ ಎಲ್ರ ಕೈಲೂ ನಗ್ಸಿಕೊಂಡಿದೀನಿ.

ತೆಂಗಿನಸೀಮೆ:
ಅಣ್ಣಾ ಕೈ ಮುಗಿದೆ!! ಹೆಸರು ಮಧ್ಯಕ್ಕೆ ಬಂತು. ಎರಡು ಸೀನ್ ಹಾಕಿ ನೋಡ್ದೆ, ಸ್ಕ್ರೀನ್ ಮೇಲೆ ಚೆನ್ನಾಗಿ ಕಾಣ್ತಿದೆ. ಪಿಡಿಎಫ್ ಮಾತ್ರ ಇನ್ನೂ ಡಬ್ಬಿ. ಫಾಂಟ್ ಬದಲಾಯ್ಸೋ ಜಾಗ ಹುಡುಕಿ ಬೇರೆ ಹಾಕ್ದೆ, ಆಗ ಅಕ್ಷರ ಬಂತು, ಆದ್ರೆ ಒತ್ತಕ್ಷರ ಎಲ್ಲಾ ಬಿಚ್ಕೊಂಡು ಬಿದ್ದಿದೆ, ‘ರಾಷ್ಟ್ರ’ ಅನ್ನೋದು ಷ, ಟ, ರ ಬೇರೆ ಬೇರೆ ಆಗಿ ಮಧ್ಯೆ ಮಧ್ಯೆ ‘್’ ಗುರುತು.

ಅರ್ಕಾವತ್ತು:
ಇವೆರಡೂ ಬೇರೆ ಬೇರೆ ಕಾಯಿಲೆ, ಒಂದೇ ಔಷಧಿ ಕೊಡೋಕಾಗಲ್ಲ.

ಡಬ್ಬಿ ಬಂತು ಅಂದ್ರೆ ಆ ಫಾಂಟಲ್ಲಿ ಕನ್ನಡ ಅಕ್ಷರವೇ ಇಲ್ಲ ಅಂತ. ಸ್ಕ್ರೀನ್‌ಪ್ಲೇ ಸಾಫ್ಟ್‌ವೇರೆಲ್ಲ ಕೊರಿಯರ್ ಜಾತಿ ಫಾಂಟ್ ಹಿಡ್ಕೊಂಡಿರತ್ತೆ, ಅದ್ರಲ್ಲಿ ಕನ್ನಡ ಇಲ್ಲ. ಸ್ಕ್ರೀನ್ ಮೇಲೆ ಯಾಕೆ ಕಾಣತ್ತೆ ಅಂದ್ರೆ ವಿಂಡೋಸ್ ಸದ್ದಿಲ್ದೆ ತನ್ನ ಹತ್ರ ಇರೋ ತುಂಗಾ ಅಥವಾ ನಿರ್ಮಲಾ ಫಾಂಟಿಂದ ಅಕ್ಷರ ಎರವಲು ತಂದು ತೋರಿಸತ್ತೆ. ಪಿಡಿಎಫ್ ಮಾಡುವಾಗ ಆ ಎರವಲು ಸಿಗಲ್ಲ. ಇದಕ್ಕೆ ನೋಟೋ ಸಾನ್ಸ್ ಕನ್ನಡ ಥರದ ಫಾಂಟ್ ಕೊಟ್ರೆ ಮುಗೀತು.

ಒತ್ತಕ್ಷರ ಬಿಚ್ಕೊಳ್ಳೋದು ಬೇರೆ. ಅಕ್ಷರ ಜೋಡಿಸೋ ಬುದ್ಧಿ ಆ ಸಾಫ್ಟ್‌ವೇರಿನ ಪಿಡಿಎಫ್ ಮಾಡೋ ಭಾಗಕ್ಕೆ ಇಲ್ಲ. ಯಾವ ಫಾಂಟ್ ಹಾಕಿದ್ರೂ ಅಷ್ಟೇ, ಅದನ್ನ ಬರೆದವರೇ ಸರಿ ಮಾಡ್ಬೇಕು. ಸುತ್ತು ದಾರಿ ಒಂದಿದೆ, ಎಚ್‌ಟಿಎಂಎಲ್ (ವೆಬ್‌ಪೇಜ್) ಎಕ್ಸ್‌ಪೋರ್ಟ್ ಇದ್ರೆ ಅದನ್ನ ಬ್ರೌಸರಲ್ಲಿ ತೆಗೆದು ಅಲ್ಲಿಂದ ಪ್ರಿಂಟ್ ಟು ಪಿಡಿಎಫ್ ಕೊಡಿ, ಬ್ರೌಸರ್‌ಗೆ ಕನ್ನಡ ಜೋಡಿಸೋದು ಚೆನ್ನಾಗಿ ಗೊತ್ತು.

ಮೊದಲನೇದು ಟ್ರೆಲ್ಬಿ ಆಗಿದ್ರೆ ಅದನ್ನ ಮರೆತುಬಿಡಿ, ಹಗುರ ಇದೆ, ಹಳೇ ಕಂಪ್ಯೂಟರಲ್ಲೂ ಓಡತ್ತೆ, ಆದ್ರೆ ಇಂಗ್ಲಿಷ್, ಫ್ರೆಂಚ್ ಥರದ ಲ್ಯಾಟಿನ್ ಲಿಪಿಗೆ ಮಾತ್ರ. ಕೆಲ್ಟೆಕ್ಸ್ ಡೆಸ್ಕ್‌ಟಾಪ್ ವರ್ಷನ್ ನಿಲ್ಸಿ ಆನ್‌ಲೈನ್ ಆಗಿದೆ, ನಿಮ್ಗೆ ಆಗಲ್ಲ. ಫೇಡ್ ಇನ್ ಒಂದ್ಸಲ ದುಡ್ಡು ಕೊಟ್ರೆ ಆಯ್ತು, ಡೆಮೋ ಫ್ರೀ. ಯಾವುದೇ ತಗೊಳ್ಳೋ ಮುಂಚೆ ಒಂದು ಪುಟ ‘ಸ್ತ್ರೀ, ರಾಷ್ಟ್ರ, ಸೂರ್ಯ, ಕ್ಷಮಿಸಿ, ತೀರ್ಥಹಳ್ಳಿ’ ಅಂತ ಟೈಪ್ ಮಾಡಿ ಪಿಡಿಎಫ್ ತೆಗೆದು ನೋಡಿ, ಫೀಚರ್ ಪಟ್ಟಿ ಆಮೇಲೆ ಓದಿ.

ಸಂಭಾಷಣೆ ಸುಮಾ:
ಧಾರಾವಾಹಿಗೆ ಡೈಲಾಗ್ ಬರೀತೀನಿ, ದಿನಾ ಬರೀತೀನಿ ಅಂದ್ರೆ ನಿಜವಾಗ್ಲೂ ದಿನಾ. ನಾನು ಎಲ್ಲಾ ಸುತ್ತಾಡಿ ಕೊನೆಗೆ ಲಿಬ್ರೆಆಫೀಸ್ ರೈಟರ್‌ಗೆ ಬಂದು ಕೂತೆ. ಫ್ರೀ, ನೆಟ್ ಬೇಡ, 4 ಜಿಬಿಯಲ್ಲಿ ಓಡತ್ತೆ. ಹುಬ್ಬಳ್ಳಿಯವರು ಹೇಳಿದ ವರ್ಡ್ ಥರಾನೇ, ಆದ್ರೆ ಪ್ರತಿ ಸಾಲಿಗೆ ಟ್ಯಾಬ್ ಒತ್ತಿ ಒತ್ತಿ ಮಧ್ಯಕ್ಕೆ ತರೋ ಕೆಲಸ ಮಾತ್ರ ಮಾಡ್ಬೇಡಿ, ಒಂದು ಪದ ಸೇರ್ಸಿದ್ರೆ ಎಲ್ಲಾ ಚೆಲ್ಲಾಪಿಲ್ಲಿ.

ಎಫ್11 ಒತ್ತಿದ್ರೆ ಸ್ಟೈಲ್ಸ್ ಬರತ್ತೆ. ಅಲ್ಲಿ ದೃಶ್ಯ, ಆಕ್ಷನ್, ಪಾತ್ರ, ಮಾತು ಅಂತ ನಾಲ್ಕು ಸ್ಟೈಲ್ ಮಾಡ್ಕೊಳಿ. ಪ್ರತಿಯೊಂದಕ್ಕೂ ‘ನೆಕ್ಸ್ಟ್ ಸ್ಟೈಲ್’ ಅಂತ ಇರತ್ತೆ, ಪಾತ್ರ ಆದ್ಮೇಲೆ ಮಾತು, ಮಾತಾದ್ಮೇಲೆ ಪಾತ್ರ ಅಂತ ಕೊಟ್ರೆ ಎಂಟರ್ ಒತ್ತಿದ ಹಾಗೆ ತಾನಾಗೇ ಜಾಗಕ್ಕೆ ಹೋಗತ್ತೆ, ದುಡ್ಡು ಕೊಟ್ಟು ತಗೊಳ್ಳೋ ಸಾಫ್ಟ್‌ವೇರಲ್ಲೂ ಬಹುಪಾಲು ಅದೇ ನಡೆಯೋದು. ದೃಶ್ಯಕ್ಕೆ ಔಟ್‌ಲೈನ್ ಲೆವೆಲ್ 1 ಕೊಡಿ, ಎಫ್5 ಒತ್ತಿದ್ರೆ ನ್ಯಾವಿಗೇಟರಲ್ಲಿ 62 ಸೀನೂ ಸಾಲಾಗಿ ಕಾಣತ್ತೆ, 40ನೇ ಸೀನ್ ಎಳೆದು 12ರ ಪಕ್ಕ ಬಿಟ್ರೆ ಒಳಗಿರೋ ಮಾತೆಲ್ಲ ಜೊತೇಲೇ ಬರತ್ತೆ.

ಒಂದು ಮೋಸ ಇದೆ, ನಾನು ಒಂದು ವಾರ ಒದ್ದಾಡಿದ್ದು. ಸ್ಟೈಲ್‌ನಲ್ಲಿ ಫಾಂಟ್ ಎಷ್ಟು ಬದಲಾಯ್ಸಿದ್ರೂ ಕನ್ನಡ ಜಗ್ಗಲ್ಲ. ಯಾಕಂದ್ರೆ ಅದು ಕನ್ನಡವನ್ನ ಕಾಂಪ್ಲೆಕ್ಸ್ ಟೆಕ್ಸ್ಟ್ ಅಂತ ಬೇರೆ ಪಂಕ್ತಿಗೆ ಕೂರ್ಸಿದೆ, ಸಿಟಿಎಲ್ ಅಂತ ಬರೆದಿರತ್ತೆ, ಫಾಂಟು ಸೈಜು ಎರಡೂ ಅಲ್ಲೇ ಕೊಡ್ಬೇಕು. ಸಿಟಿಎಲ್ ಕಾಣ್ಲಿಲ್ಲ ಅಂದ್ರೆ ಟೂಲ್ಸ್, ಆಪ್ಷನ್ಸ್‌ಗೆ ಹೋಗಿ ಭಾಷೆಯ ಭಾಗದಲ್ಲಿ ಟಿಕ್ ಹಾಕಿ.

ತೆಂಗಿನಸೀಮೆ:
ಮೇಡಂ ಇದು ನಂಗೆ ಸರಿ ಹೋಗತ್ತೆ ಅನ್ಸತ್ತೆ. ಆ ನುಡಿಯಲ್ಲಿರೋ 18 ಸೀನ್ ಏನ್ ಮಾಡ್ಲಿ? ಕಾಪಿ ಮಾಡಿ ಹಾಕಿದ್ರೆ ಮಂತ್ರ ಬರೆದ ಹಾಗೆ ಏನೇನೋ ಚಿಹ್ನೆ.

ಅರ್ಕಾವತ್ತು:
ಹಳೇ ನುಡಿ, ಬರಹ ಫಾಂಟಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಮುಖವಾಡ. ಫಾಂಟ್ ತೆಗೆದ್ರೆ ಮುಖವಾಡ ಬಿತ್ತು. ಆಸ್ಕಿಯಿಂದ (ಅಂದ್ರೆ ಈ ಹಳೇ ಪದ್ಧತಿ) ಯೂನಿಕೋಡ್‌ಗೆ (ನಿಜವಾದ ಕನ್ನಡ ಅಕ್ಷರ) ಪರಿವರ್ತಕ ಬಳಸಿ, ಬರಹ, ನುಡಿ ಜೊತೇಲೂ ಬರತ್ತೆ. ಮೂಲ ಫೈಲ್ ಮಾತ್ರ ಅಳಿಸ್ಬೇಡಿ. ಪರಿವರ್ತನೆ ಆದ್ಮೇಲೆ ಎರಡು ಕಡೆ ಕಣ್ಣಿಡಿ. ಒಂದು, ನಮ್ಮ ಅರ್ಕಾವತ್ತು. ಹಳೇ ಫಾಂಟಲ್ಲಿ ಅದು ಅಕ್ಷರದ ನಂತರ ಬರತ್ತೆ, ಯೂನಿಕೋಡಲ್ಲಿ ‘ರ್’ ಮೊದಲು, ಕೆಲವು ಪರಿವರ್ತಕ ಎಡವತ್ತೆ. ಎರಡನೇದು ‘ರಾಜ್‌ಕುಮಾರ್’ ಅಂತ ಇದ್ದಿದ್ದು ‘ರಾಜ್ಕುಮಾರ್’ ಆಗಿರತ್ತೆ, ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು, ಅದು ಬಿದ್ದೋಗಿರತ್ತೆ. ಇನ್ಮೇಲೆ ಹೊಸ ನುಡಿಯಲ್ಲಿ ಯೂನಿಕೋಡ್ ಆರಿಸ್ಕೊಂಡು ಟೈಪ್ ಮಾಡಿ, ಕೀಲಿಮಣೆ ಅದೇ, ಬೆರಳಿಗೆ ಹೊಸ ಪಾಠ ಬೇಡ.

ಮಧ್ಯಂತರ:
ವರ್ಡ್ ಥರದ್ದರಲ್ಲಿ ಬರೆದ್ರೆ ಒಂದು ಪುಟಕ್ಕೆ ಒಂದು ನಿಮಿಷ ಸಿನಿಮಾ ಅನ್ನೋ ಲೆಕ್ಕ ಸಿಗಲ್ವಲ್ಲ?

ಕ್ಲಾಪ್‌ಬೋರ್ಡ್:
ಅದು 12 ಪಾಯಿಂಟ್ ಕೊರಿಯರ್ ಲೆಕ್ಕ ಗುರು, ಇಂಚಿಗೆ 10 ಅಕ್ಷರ, ಅಮೆರಿಕದ ಲೆಟರ್ ಸೈಜ್ ಕಾಗದ. ಕನ್ನಡದ ಅಕ್ಷರ ಒಂದೊಂದು ಒಂದೊಂದು ಅಗಲ, ಕೆಳಗೆ ಒತ್ತು ಬೇರೆ ಇಳಿಬಿದ್ದಿರತ್ತೆ, ನಾವು ಬಳಸೋದು ಎ4. ಯಾವ ಸಾಫ್ಟ್‌ವೇರ್ ಆದ್ರೂ ಕನ್ನಡಕ್ಕೆ ಆ ಲೆಕ್ಕ ನಂಬ್ಬೇಡಿ. ನಾನು ಐದಾರು ಸೀನ್ ಜೋರಾಗಿ ಓದಿ, ಮೌನ ಇರೋ ಕಡೆ ಸುಮ್ನೆ ಕೂತು, ಮೊಬೈಲ್ ಸ್ಟಾಪ್‌ವಾಚಲ್ಲಿ ಟೈಮ್ ಹಿಡಿದು ನನ್ನ ಪುಟಕ್ಕೆ ಎಷ್ಟು ಅಂತ ನೋಡ್ಕೋತೀನಿ.

ಇನ್ನೊಂದು, ಡೈರೆಕ್ಟರ್‌ನ ಮೊದಲೇ ಕೇಳಿ. ನಮ್ಮಲ್ಲಿ ಕೆಲವರಿಗೆ ಈಗ್ಲೂ ಎರಡು ಕಾಲಂ ಬೇಕು, ಎಡಕ್ಕೆ ಆಕ್ಷನ್ ಬಲಕ್ಕೆ ಮಾತು. ಹಾಗಂದ್ರೆ ರೈಟರಲ್ಲೇ ಟೇಬಲ್ ಹಾಕ್ಬೇಕು.

ತೆಂಗಿನಸೀಮೆ:
ನಾಲ್ಕು ದಿನ ಆದ್ಮೇಲೆ ಬರ್ತಿದೀನಿ. ಕೇಳ್ದೆ, ಒಂದೇ ಕಾಲಂ ಸಾಕು ಅಂದ್ರು. ರೈಟರಲ್ಲಿ ಸ್ಟೈಲ್ ಮಾಡಿ 18 ಸೀನ್ ಕೂರ್ಸಿದೀನಿ. ಪಿಡಿಎಫ್‌ನಲ್ಲಿ ಡಬ್ಬಿ ಇಲ್ಲ. ಆದ್ರೆ ಒತ್ತಕ್ಷರದ ಬಾಲ ಕಟ್ ಆಗ್ತಿದೆ, ‘ಸ್ತ್ರೀ’ಯಲ್ಲಿ ಕೆಳಗಿನ ಭಾಗ ಯಾರೋ ಕತ್ತರೀಲಿ ಕತ್ತರಿಸಿದ ಹಾಗೆ. ಫಾಂಟ್ ಬದಲಾಯ್ಸಿದ್ರೂ ಹಂಗೇ.

ಸಂಭಾಷಣೆ ಸುಮಾ:
ಎಲ್ಲಿಂದಾದ್ರೂ ಇಂಗ್ಲಿಷ್ ಸ್ಕ್ರೀನ್‌ಪ್ಲೇ ಟೆಂಪ್ಲೇಟ್ ಇಳಿಸ್ಕೊಂಡ್ರಾ? ಅದ್ರಲ್ಲಿ ಲೈನ್ ಸ್ಪೇಸಿಂಗ್ ‘ಫಿಕ್ಸ್ಡ್’ 12 ಪಾಯಿಂಟ್ ಅಂತ ಇರತ್ತೆ. ಇಂಗ್ಲಿಷ್‌ಗೆ ಅಷ್ಟು ಎತ್ತರ ಸಾಕು, ನಮ್ಮ ಒತ್ತಿಗೆ ಜಾಗ ಸಾಲಲ್ಲ. ನಾಲ್ಕೂ ಸ್ಟೈಲಲ್ಲಿ ಅದನ್ನ ‘ಸಿಂಗಲ್’ ಮಾಡಿ.

ತೆಂಗಿನಸೀಮೆ:
ಹೌದು ಮೇಡಂ, ಟೆಂಪ್ಲೇಟೇ ಇಳಿಸಿದ್ದೆ. ಸಿಂಗಲ್ ಮಾಡ್ದೆ, ಬಾಲ ಬಂತು. ಪುಟ 31 ಇದ್ದಿದ್ದು 37 ಆಯ್ತು, ಆಗ್ಲಿ ಬಿಡಿ. ಇನ್ನು ನೋಟ್‌ಬುಕ್ಕಲ್ಲಿರೋ 44 ಸೀನ್ ಟೈಪ್ ಮಾಡೋಕೆ ಶುರು.

ಹುಬ್ಬಳ್ಳಿ ಟಾಕೀಸ್:
ನಾ ಮೊದಲ ಹೇಳಿದ್ನಿಲ್ರೀ, ವರ್ಡ್‌ನ್ಯಾಗ ಬರೀರಿ ಅಂತ 😄 ಕರೆಂಟ್ ಹೋಗ್ತದ ಅಂದ್ರಿ, ಆಟೋ ರಿಕವರಿ ಎರಡ್ ನಿಮಿಷಕ್ಕ ಇಟ್ಕೊರಿ, ಮತ್ತ ದಿನಾ ಒಂದು ಕಾಪಿ ಪೆನ್‌ಡ್ರೈವ್‌ಗೆ.